ಹಗ್ಗಕ್ಕೆ ತೂಗಿದ ಮನೆ

ಭಾಗ್ಯಶ್ರೀ ತನ್ನ ಅತ್ತೆಯನ್ನು ದುರ್ಗದಬೈಲಿನ ಬಳೆ ಅಂಗಡಿಯಲ್ಲಿ ಮರೆತು ಬಂದದ್ದು ಎರಡು ಸಾವಿರದ ಮೂರನೇ ಇಸವಿಯಲ್ಲಿ, ಪಂಚಮಿ ಹಬ್ಬ ಹತ್ತಿರ ಬಂದಾಗ. ಬಸ್ಸಿನಲ್ಲಿ ಕೊಡೆ ಮರೆತವರು ಇದ್ದಾರೆ, ಊಟದ ಡಬ್ಬಿ ಮರೆತವರು ಇದ್ದಾರೆ. ಅತ್ತೆಯನ್ನೇ ಮರೆತು, ಹುಬ್ಬಳ್ಳಿಯಿಂದ ಧಾರವಾಡದ ತನಕ ಹಾಯಾಗಿ ಕಿಟಕಿಯ ಪಕ್ಕ ಕುಳಿತು ಬಂದವಳು ಆಕೆ ಒಬ್ಬಳೇ ಇರಬೇಕು.

ಬೇಕೆಂದು ಮಾಡಿದ್ದಲ್ಲ. ಆ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ನಗುನಗುತ್ತಲೇ ಮನೆ ಬಿಟ್ಟಿದ್ದರು. ಭಾಗ್ಯಶ್ರೀಗೆ ಹಬ್ಬದ ಬಳೆ ಆಗಬೇಕಿತ್ತು, ಹೊಲಿಗೆಗೆ ದಾರ ಬೇಕಿತ್ತು. ಗುಲ್ಜಾರಬಿಯ ಬಳೆ ಅಂಗಡಿ ಮುಟ್ಟುವಷ್ಟರಲ್ಲಿ ಅತ್ತೆ ಶಿವಲಿಂಗವ್ವನ ಮೊಣಕಾಲುಗಳು ಹಟ ಹಿಡಿದವು. ಆಕೆ ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ನೀ ದಾರ ತಗೊಂಡು ಬಾ. ನಾ ಇಲ್ಲೇ ಕುಂತಿರ್ತೇನಿ," ಎಂದಳು.

"ಈಗ ಬಂದ್ನಿ ನೋಡ್ರಿ ಅತ್ತ್ಯಾರ," ಎಂದು ಭಾಗ್ಯಶ್ರೀ ಓಣಿಯ ತಿರುವಿನ ದಾರದ ಅಂಗಡಿಗೆ ಹೋದಳು.

ಅಲ್ಲಿ ಗಾಜಿನ ಕಪಾಟಿನಲ್ಲಿ ರೀಲುಗಳು ಗೋಡೆಯುದ್ದಕ್ಕೂ ಮಲಗಿದ್ದವು. ಅಂಗಡಿಯವನು ಒಂದೊಂದೇ ತೆಗೆದು ಮುಂದಿಡುತ್ತಿದ್ದ. ಅವುಗಳಲ್ಲಿ ಒಂದು, ಉಳ್ಳಾಗಡ್ಡಿಯ ಒಳಸಿಪ್ಪೆಯಂಥ ಬಣ್ಣ. ಕೆಂಪೂ ಅಲ್ಲ, ಗುಲಾಬಿಯೂ ಅಲ್ಲ, ಬೆಳಕಿಗೆ ಹಿಡಿದರೆ ಒಳಗೆಲ್ಲೋ ಸ್ವಲ್ಪ ಬಂಗಾರ. ಭಾಗ್ಯಶ್ರೀ ಅದನ್ನು ಕೈಯಲ್ಲಿ ಹಿಡಿದಳು. ಆ ಬಣ್ಣದ ಅಂಚು ಯಾವ ತೋಳಿಗೆ ಒಪ್ಪುತ್ತದೆ ಎಂದು ನೋಡತೊಡಗಿದಳು. ತೋಳಿನಿಂದ ಹಸಿರು ಇಳಕಲ್ ಸೀರೆ ಬಂತು, ಸೀರೆಯಿಂದ ಚಿಕ್ಕಂದಿನಲ್ಲಿ ಅಜ್ಜಿ ಸೀರೆಯ ಸೆರಗಿನಲ್ಲಿ ಕಟ್ಟಿಕೊಡುತ್ತಿದ್ದ ಪುಠಾಣಿ ಬಂತು, ಪುಠಾಣಿಯಿಂದ ಕನ್ನಡ ಸಾಲಿಯ ಅಂಗಳ, ಅಂಗಳದ ಬೇವಿನ ಗಿಡ, ಗಿಡದ ಮೇಲಿನ ಗಿಳಿ. ಒಂದು ಬಾಗಿಲು ತೆರೆದರೆ ಅದರೊಳಗೆ ಇನ್ನೊಂದು. ದಾರದ ದುಡ್ಡು ಕೊಟ್ಟದ್ದೂ, ಮಂದಿಯ ನಡುವೆ ದಾರಿ ಮಾಡಿಕೊಂಡು ಸಿಟಿ ಬಸ್ ನಿಲ್ದಾಣಕ್ಕೆ ನಡೆದದ್ದೂ ಅವಳ ಕಾಲುಗಳು. ಅವಳು ಇನ್ನೂ ಆ ಬೇವಿನ ನೆರಳಿನಲ್ಲಿಯೇ ಇದ್ದಳು.

ಬಸ್ಸು ಉಣಕಲ್ ಕೆರೆ ದಾಟುವಾಗ ಮೋಡ ನೀರಿನ ಮೇಲೆ ಬಿದ್ದುಕೊಂಡಿತ್ತು, ಕತ್ತರಿಸಲು ಹಾಸಿದ ಬೂದು ರೇಷ್ಮೆಯ ಹಾಗೆ. ಎಲ್ಲಿಂದ ಕತ್ತರಿ ಹಾಕಬೇಕು ಎಂದು ಅವಳು ಯೋಚಿಸಿದಳು. ಲಕಮನಹಳ್ಳಿಯಲ್ಲಿ ಇಳಿದು ಮನೆಗೆ ಬಂದು, ಕಾಲು ತೊಳೆದು, ಚಹಾಕ್ಕೆ ಇಟ್ಟಳು. ಎರಡು ಕಪ್ಪಿಗೆ ಸೋಸಿ, "ಅತ್ತ್ಯಾರ, ಚಾ ತಗೋರಿ," ಎಂದು ಕೂಗಿದಳು.

ಮನೆ ಸುಮ್ಮನಿತ್ತು.

ಮತ್ತೊಮ್ಮೆ ಕರೆಯಲು ಬಾಯಿ ತೆರೆದವಳಿಗೆ, ಬಾಗಿಲ ಬಳಿ ಅತ್ತೆಯ ಚಪ್ಪಲಿ ಇಲ್ಲದ ಜಾಗ ಕಂಡಿತು. ಕೈಯಲ್ಲಿದ್ದ ಕಪ್ಪನ್ನು ಒಲೆಯ ಕಟ್ಟೆಯ ಮೇಲೆ ಇಟ್ಟಳು.

ಭಾಗ್ಯಶ್ರೀಯ ಬದುಕಿನಲ್ಲಿ ಇಂಥ ಮರೆವುಗಳು ಹೊಸವೇನಲ್ಲ. ಮೂವತ್ತಾರು ವರ್ಷದ ಆಕೆ ಆ ಭಾಗದಲ್ಲಿ ಹೆಸರಾದ ಹೊಲಿಗೆಯವಳು. ಅಳತೆಯ ಪಟ್ಟಿ ಹಿಡಿಯದೆ, ಬಂದವಳನ್ನು ಒಮ್ಮೆ ತಿರುಗಿಸಿ ನಿಲ್ಲಿಸಿ ನೋಡಿಯೇ ಕುಪ್ಪಸ ಕತ್ತರಿಸಬಲ್ಲಳು. ಆದರೆ ಕತ್ತರಿಸಿದ್ದು ಹೊಲಿಗೆಯಾಗುವುದು, ಹೊಲಿದದ್ದಕ್ಕೆ ಹುಕ್ಕು ಬೀಳುವುದು ದೇವರಿಗೇ ಬಿಟ್ಟ ಮಾತು. ಯಾರದೋ ಸೀಮಂತ ಮುಗಿದ ಮೇಲೆ ಅವರ ಜಂಪರು ಮಂಚದ ಕೆಳಗೆ ಸಿಗುತ್ತಿತ್ತು. ಕೀಲಿಕೈ ಅಕ್ಕಿ ಡಬ್ಬಿಯಲ್ಲಿ, ಕನ್ನಡಕ ದೇವರ ಜಗುಲಿಯ ಮೇಲೆ. ಬೈಯುತ್ತಲೇ ಹೋದವರು ತೋಳಿನ ಅಂದ ನೋಡಿ ಮತ್ತೆ ಬರುತ್ತಿದ್ದರು. ಅವಳು ಮತ್ತೆ ಎಲ್ಲರದನ್ನೂ ಇಸಿದುಕೊಳ್ಳುತ್ತಿದ್ದಳು.

ಗಂಡ ಬಸವಪ್ರಭು ಅಲ್ಲಿಯೇ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಸಾವಿರಾರು ನಟ್ಟು ಬೋಲ್ಟುಗಳು ಎಲ್ಲಿವೆ ಎಂದು ಕಣ್ಣು ಮುಚ್ಚಿ ಹೇಳುವವನು. ಒಳ್ಳೆಯ ಮನುಷ್ಯ. ಹೆಂಡತಿಯ ಕಷ್ಟ ನೋಡಲಾರದೆ ಮನೆಯ ಪ್ರತಿಯೊಂದು ಡಬ್ಬಿಗೂ ಪ್ರತಿಯೊಂದು ಕಪಾಟಿಗೂ ಹೆಸರು ಬರೆದ ಚೀಟಿ ಅಂಟಿಸಿದ್ದ. ಮೊದಲ ವಾರ ಚೀಟಿಗಳು ಅವಳಿಗೆ ಕಂಡವು. ಆಮೇಲೆ ಅವು ಗೋಡೆಯ ಬಿರುಕಿನಂತೆ, ಹಲ್ಲಿಯಂತೆ, ಇದ್ದೂ ಇಲ್ಲದವಾದವು. ಆತ ಬೈಯಲಿಲ್ಲ. ಮದುವೆಯಾದಾಗಿನಿಂದ ಒಮ್ಮೆಯೂ ಬೈದವನಲ್ಲ. ನಿಟ್ಟುಸಿರು ಬಿಟ್ಟು ಹೊಸ ಚೀಟಿ ಬರೆಯುತ್ತಿದ್ದ. ಆ ನಿಟ್ಟುಸಿರಿಗಿಂತ ಎರಡು ಬೈಗುಳ ವಾಸಿ ಎಂದು ಅವಳಿಗೆ ಅನಿಸುತ್ತಿತ್ತು.

ಚಹಾ ಹಾಗೆಯೇ ಬಿಟ್ಟು ಭಾಗ್ಯಶ್ರೀ ಓಡಿದಳು. ಹುಬ್ಬಳ್ಳಿಯ ಬಸ್ಸು ಅಂದು ಪ್ರತಿ ನಿಲ್ದಾಣದಲ್ಲೂ ನಿಂತು ನಿದ್ದೆ ಮಾಡಿದ ಹಾಗೆ ಅನಿಸಿತು. ಮೊಣಕಾಲು ನೋಯುವ ಮುದುಕಿ ತನ್ನನ್ನು ಹುಡುಕಿಕೊಂಡು ಎದ್ದು ಹೋಗಿದ್ದರೆ, ಜನರ ನೂಕಿನಲ್ಲಿ ಬಿದ್ದಿದ್ದರೆ. ದುರ್ಗದಬೈಲು ಮುಟ್ಟಿದಾಗ ಸಂಜೆಯಾಗಿತ್ತು. ಅಂಗಡಿಗಳ ದೀಪ ಹತ್ತಿ, ಜಿಟಿಜಿಟಿ ಮಳೆಯಲ್ಲಿ ಬೀದಿಯ ಕಲ್ಲುಗಳೆಲ್ಲ ಹೊಳೆಯುತ್ತಿದ್ದವು.

ಶಿವಲಿಂಗವ್ವ ಕಟ್ಟೆಯ ಮೇಲೆಯೇ ಇದ್ದಳು. ಸುಮ್ಮನೆ ಕುಳಿತಿರಲಿಲ್ಲ, ವ್ಯಾಪಾರ ಮಾಡುತ್ತಿದ್ದಳು. ಒಬ್ಬ ಹುಡುಗಿಯ ಕೈ ಹಿಡಿದು, "ನಿಂದು ಸಣ್ಣ ಕೈ ಐತಿ, ಇದಕ್ಕಿಂತ ಒಂದು ನಂಬರ್ ಕಡಿಮಿ ಕೊಡವ್ವ ಗುಲ್ಜಾರಬಿ," ಎನ್ನುತ್ತಿದ್ದಳು. ಪಕ್ಕದಲ್ಲಿ ಖಾಲಿ ಚಹಾದ ಕಪ್ಪು. ಹೊರಗೆ ಎಲ್ಲಿಯೂ ನೀರು ಕೂಡ ಮುಟ್ಟದ ಅತ್ತೆ ಗುಲ್ಜಾರಬಿಯ ಮನೆಯ ಚಹಾ ಕುಡಿದಿದ್ದಳು.

ಭಾಗ್ಯಶ್ರೀ ಕಟ್ಟೆಯ ಮುಂದೆ ಬಂದು ನಿಂತಳು. ಮಳೆ, ಬೆವರು, ಕಣ್ಣೀರು ಒಂದೇ ಆಗಿ ಮುಖದ ಮೇಲೆ ಇಳಿಯುತ್ತಿದ್ದವು.

ಶಿವಲಿಂಗವ್ವ ತಲೆಯೆತ್ತಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ಬಳಿ ಆರಿಸಿ ಇಟ್ಟೇನಿ. ಕೈ ಕೊಡು," ಎಂದಳು.

ಗುಲ್ಜಾರಬಿ ಹಸಿರು ಬಳೆ ಒಂದೊಂದೇ ಏರಿಸುತ್ತ, ಭಾಗ್ಯಶ್ರೀಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ಮಗನ ಕಾರ್ಖಾನಿಗೆ ಫೋನ್ ಹಚ್ಚ್ರಿ ಅಂತ ಭಾಳ ಸಲ ಹೇಳಿದ್ನಿ ಅಕ್ಕಾರ. ನಂಬರ್ ಬಾಯಿಪಾಠ ಐತಂತ. ಬ್ಯಾಡ ಅಂದ್ರು. ಬರ್ತಾಳ, ಬಂದs ಬರ್ತಾಳ ಅಂತ ಕುಂತಬಿಟ್ರು."

ಮನೆಗೆ ಬಂದಾಗ ಬಸವಪ್ರಭು ಪಾಳಿ ಮುಗಿಸಿ ಬಂದಿದ್ದ. ಒಲೆಯ ಕಟ್ಟೆಯ ಮೇಲೆ ಆರಿ ತಣ್ಣಗಾದ ಎರಡು ಕಪ್ ಚಹಾ ನೋಡುತ್ತ ನಿಂತಿದ್ದ. ಆತ ಕೇಳುವ ಮೊದಲೇ ಶಿವಲಿಂಗವ್ವ, "ಹಬ್ಬದ ಗದ್ದಲ ಭಾಳ ಇತ್ತಪಾ, ತಡಾ ಆತು," ಎಂದು ಕೋಣೆಗೆ ಹೋಗಿ ಮಲಗಿದಳು.

ಪಂಚಮಿ ಬಂತು, ಹೋಯಿತು. ಅತ್ತೆ ಆ ದಿನದ ಮಾತು ಎತ್ತಲಿಲ್ಲ. ಉಳಿದದ್ದಕ್ಕೆಲ್ಲ ಎಂದಿನಂತೆ ಚುಚ್ಚುತ್ತಿದ್ದಳು, ಸಾರಿಗೆ ಉಪ್ಪು ಎರಡು ಸಲ ಬಿದ್ದಿದೆ, ಬಚ್ಚಲ ದೀಪ ಹಗಲೆಲ್ಲ ಉರಿಯುತ್ತಿದೆ ಎಂದು. ಆದರೆ ದುರ್ಗದಬೈಲು ಅನ್ನುವ ಹೆಸರು ಆ ಮನೆಯಿಂದ ಮಾಯವಾಯಿತು. ಭಾಗ್ಯಶ್ರೀ ಮಶೀನಿನ ಮುಂದೆ ಕುಳಿತರೆ ಹೊಲಿಗೆ ಓಡುತ್ತಿರಲಿಲ್ಲ. ಇವತ್ತು ಅತ್ತೆಯನ್ನು ಮರೆತವಳು ನಾಳೆ ಉರಿಯುವ ಒಲೆಯನ್ನು ಮರೆತರೆ ಎಂದು ಮನೆಯೊಳಗೆ ಸುತ್ತುತ್ತಿದ್ದಳು. ಸುತ್ತುತ್ತ ಯಾಕೆ ಎದ್ದೆ ಎನ್ನುವುದನ್ನು ಮರೆಯುತ್ತಿದ್ದಳು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಅವಳು ಕುಪ್ಪಸವೊಂದಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಶಿವಲಿಂಗವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ರೇಡಿಯೋದಲ್ಲಿ ಡಾಕ್ಟರ್ ನಿರುಪಮಾ ಎಂಬ ಹೆಣ್ಣುಮಗಳು ಮಾತನಾಡುತ್ತಿದ್ದಳು. ಕೂತಲ್ಲಿ ಕೂರದ, ಪಾಠ ನಡೆದಾಗ ಕಿಟಕಿಯಾಚೆ ಹಾರಿಹೋಗುವ ಮಕ್ಕಳ ಕುರಿತು. ಭಾಗ್ಯಶ್ರೀಯ ಕಿವಿ ಎಂದಿನಂತೆ ಅರ್ಧಕ್ಕೇ ಬೇರೆಲ್ಲೋ ಹೋಗಬೇಕಿತ್ತು. ಹೋಗಲಿಲ್ಲ.

"ಈ ಮಕ್ಕಳು ದೊಡ್ಡವರಾಗ್ತಾರ," ಎನ್ನುತ್ತಿತ್ತು ಆ ಧ್ವನಿ. "ಆಮ್ಯಾಲೆ ಅವರನ್ನ ಯಾರೂ ಡಾಕ್ಟರ್ ಹತ್ರ ಕರಕೊಂಡು ಬರೂದಿಲ್ಲ. ಹತ್ತು ಕೆಲಸ ಹಿಡದು ಒಂದೂ ಮುಗಸದ ಹೆಣ್ಣುಮಗಳು ನಿಮ್ಮ ಮನ್ಯಾಗ ಇರಬಹುದು. ಆಕಿಗೆ ನೀವು ಮೈಗಳ್ಳಿ ಅಂತಿರಬಹುದು. ಆಕಿ ತನಗ ತಾನ ಅದಕ್ಕಿಂತ ಕೆಟ್ಟದ್ದು ಅನ್ಕೋತಿರ್ತಾಳ."

ಸುಟ್ಟ ವಾಸನೆ ಬಂತು. ಕುಪ್ಪಸದ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಕಂದು ಗುರುತು ಮೂಡಿತ್ತು. ಶಿವಲಿಂಗವ್ವ ಮೊರ ಕೆಳಗಿಟ್ಟು ಸೊಸೆಯನ್ನು ನೋಡಿದಳು.

"ಆ ಡಾಕ್ಟರಬಾಯಿ ನಿನ್ನ ಎಲ್ಲ್ಯಾರ ನೋಡ್ಯಾಳೇನು?" ಎಂದಳು.

"ಇಲ್ರಿ."

"ಹಂಗಾರ ನಾವs ಹೋಗಿ ತೋರಸೂಣು."

ನಿರುಪಮಾಳ ದವಾಖಾನೆ ಧಾರವಾಡದಲ್ಲಿ, ದೊಡ್ಡ ಮರದ ಕೆಳಗಿನ ಹಳೆಯ ಹೆಂಚಿನ ಮನೆ. ಆಕೆ ಆತುರ ಮಾಡಲಿಲ್ಲ. ಸಾಲಿಯ ದಿನ ಕೇಳಿದಳು, ಪಾಟಿ ಎಷ್ಟು ಸಲ ಕಳೆದಿತ್ತು ಕೇಳಿದಳು, ಹಗಲುಗನಸಿನ ಬಗ್ಗೆ ಕೇಳಿದಳು. ಭಾಗ್ಯಶ್ರೀ ಒಂದು ಮಾತಿನಿಂದ ಇನ್ನೊಂದಕ್ಕೆ ಜಾರಿ, ತಿರುಗಿ ಬರುವ ದಾರಿ ಕಾಣದೆ ನಿಂತಾಗ, ಆಕೆ ನಗುತ್ತ ಕಾದಳು. ಕೊನೆಗೆ ಭಾಗ್ಯಶ್ರೀ ತಲೆ ತಗ್ಗಿಸಿ, "ನಾ ಇವರನ್ನ ಮರತು ಬಂದ್ನಿರಿ, ಹುಬ್ಬಳ್ಳ್ಯಾಗ," ಎಂದಳು. ಹೊರಗೆ ಯಾರಿಗೂ ಹೇಳದ ಮಾತು. ಹೇಳಿದ ಮೇಲೆ ಕೋಣೆ ಇದ್ದ ಹಾಗೆಯೇ ಇತ್ತು, ಪಂಖಾ ತಿರುಗುತ್ತಲೇ ಇತ್ತು.

"ತಿರುಗಿ ಬಂದ್ಲು," ಎಂದಳು ಶಿವಲಿಂಗವ್ವ. "ಅದನ್ನೂ ಬರಕೊಳ್ರಿ."

ನಿರುಪಮಾ ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದಳು, ಎಡಿಎಚ್‌ಡಿ ಅಂತ. "ಗಮನ ಕಡಿಮಿ ಅಂತ ಅದರ ಅರ್ಥ. ಖರೇ ಹೇಳಬೇಕಂದ್ರ ನಿಮಗ ಗಮನ ಕಡಿಮಿ ಇಲ್ಲ. ಬೇಕಾದಷ್ಟ ಅದ. ಅದು ನಿಮ್ಮ ಮಾತು ಕೇಳೂದಿಲ್ಲ, ಅಷ್ಟ. ಗುಳಿಗಿ ಕೊಡ್ತೇನಿ, ಸ್ವಲ್ಪ ಕೈ ಹಿಡೀತದ. ಉಳದದ್ದು ಮನೀ ಒಳಗ ಮಾಡ್ಕೋಬೇಕು. ಮಂದಿ ಹೆಂಗ ಇಡ್ತಾರ ಹಂಗ ಇಡಾಕ ಹೋಗಬ್ಯಾಡ್ರಿ. ನಿಮಗ ಹೆಂಗ ಸಿಗ್ತಾವ ಹಂಗ ಇಡ್ರಿ."

"ನನ್ನ ತಂಗಿನೂ ಹಿಂಗ ಅದಾಳ್ರಿ," ಎಂದಳು ಶಿವಲಿಂಗವ್ವ.

ಹೊರಗೆ ಬಂದು ಮರದ ಕೆಳಗಿನ ಕಲ್ಲಿನ ಮೇಲೆ ಕುಳಿತ ಮೇಲೆ ಉಳಿದದ್ದನ್ನು ಹೇಳಿದಳು. ಅವಳ ತವರು ಅಮ್ಮಿನಬಾವಿ. ತಂಗಿ ಈರವ್ವನನ್ನು ನವಲಗುಂದದ ಕಡೆಗೆ ಕೊಟ್ಟಿದ್ದರು. ರೊಟ್ಟಿ ಹಂಚಿನ ಮೇಲೆ ಹಾಕಿ ಹೊಲದ ಬದುವಿನ ಮೇಲೆ ಕೊಕ್ಕರೆ ನೋಡುತ್ತ ನಿಂತುಬಿಡುವವಳು ಈರವ್ವ. ಎಮ್ಮೆಯ ಹಗ್ಗ ಬಿಚ್ಚಿ, ಯಾಕೆ ಬಿಚ್ಚಿದೆ ಎಂದು ಮರೆತು ಬರುವವಳು. ಒಮ್ಮೆ ಗಂಡನ ಮನೆಯವರು ಆಕೆಯನ್ನು ಬಂಡಿಯಲ್ಲಿ ಕೂರಿಸಿಕೊಂಡು ಬಂದು, ತವರಿನ ಅಂಗಳದಲ್ಲಿ ಇಳಿಸಿ, ಚಹಾ ಕೂಡ ಕುಡಿಯದೆ ಹೋದರು. ಆಗ ಈರವ್ವನಿಗೆ ಇಪ್ಪತ್ತೂ ತುಂಬಿರಲಿಲ್ಲ.

"ಅಕಿ ಒಂದs ಮಾತು ಕೇಳಿದ್ಲು," ಎಂದಳು ಶಿವಲಿಂಗವ್ವ. "ತಿರುಗಿ ಕರಿಯಾಕ ಯಾವಾಗ ಬರ್ತಾರಕ್ಕ ಅಂತ. ಯಾರೂ ಬರಲಿಲ್ಲ. ಅಂಗಡಿ ಕಟ್ಟಿ ಮ್ಯಾಲೆ ಕುಂತಾಗ ನನಗ ಅದ ನೆನಪಾತು. ಮಗಗ ಫೋನ್ ಹಚ್ಚಿದ್ರ, ನಿನ್ನ ಹೆಸರಿಗೆ ಅದು ಕಡೀತನಕ ಅಂಟ್ಕೊಂಡಿರ್ತಿತ್ತು. ಅದಕ್ಕ ಕುಂತ್ನಿ."

ಭಾಗ್ಯಶ್ರೀ ಅತ್ತೆಯ ಕೈ ಹಿಡಿಯಬೇಕೆಂದುಕೊಂಡಳು. ಅಷ್ಟರಲ್ಲಿ ಮುದುಕಿ ಎದ್ದು, "ನಡಿ, ಬಸ್ ಹೋಗತೈತಿ," ಎಂದು ಹೊರಟೇಬಿಟ್ಟಿದ್ದಳು.

ಮುಂದಿನ ಸೋಮವಾರ ಇಬ್ಬರೂ ಅಮ್ಮಿನಬಾವಿಗೆ ಹೋದರು. ಊರಿನ ಕೊನೆಯಲ್ಲಿ, ಕರಿಮಣ್ಣಿನ ಹೊಲಗಳು ಶುರುವಾಗುವ ಕಡೆ, ಈರವ್ವನ ಮಣ್ಣಿನ ಮನೆ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟ ಭಾಗ್ಯಶ್ರೀ ಹೊಸ್ತಿಲಲ್ಲೇ ನಿಂತಳು.

ಆ ಮನೆಯಲ್ಲಿ ಕಪಾಟಿರಲಿಲ್ಲ, ಪೆಟ್ಟಿಗೆಯಿರಲಿಲ್ಲ, ಮುಚ್ಚಳವಿದ್ದ ಡಬ್ಬಿ ಒಂದೂ ಇರಲಿಲ್ಲ. ಗೋಡೆಯಿಂದ ಗೋಡೆಗೆ ಹಗ್ಗಗಳು. ಹಗ್ಗಗಳಿಗೆ ಇಡೀ ಸಂಸಾರ ತೂಗುತ್ತಿತ್ತು. ಸೌಟು, ಜರಡಿ, ಕುಡಗೋಲು, ಬಾಚಣಿಗೆ, ಕನ್ನಡಿ, ಕೀಲಿಕೈ, ರೇಷನ್ ಕಾರ್ಡು ಹಾಕಿದ ಪ್ಲಾಸ್ಟಿಕ್ ಚೀಲ, ಗುಳಿಗೆಯ ಪಟ್ಟಿ, ಒಂದು ಜೊತೆ ಚಪ್ಪಲಿ. ನಡುನಡುವೆ ಉಳ್ಳಾಗಡ್ಡಿಯ ಗೊಂಚಲು, ಒಣಗಿದ ಜೋಳದ ತೆನೆ. ಬೆಳಕಿಂಡಿಯಿಂದ ಇಳಿದ ಬಿಸಿಲು ಅವುಗಳ ಮೇಲೆಲ್ಲ ಮೆತ್ತಗೆ ಕೂತಿತ್ತು. ಹೊಲದ ಗಾಳಿ ಬಂದಾಗ ಎಲ್ಲವೂ ಒಮ್ಮೆಗೇ ಅಲುಗಿ, ಸೌಟಿಗೆ ಕನ್ನಡಿ ತಾಗಿ, ಕನ್ನಡಿಯ ಬೆಳಕು ಗೋಡೆಯ ಮೇಲೆ ಮೀನಿನ ಹಾಗೆ ಓಡಿತು. ಭಾಗ್ಯಶ್ರೀಗೆ ಯಾವುದೋ ನಿದ್ದೆಯೊಳಗೆ ಈ ಮನೆಗೆ ಮೊದಲೇ ಬಂದಿದ್ದೇನೆ ಎನಿಸಿತು. ತನ್ನ ತಲೆಯ ಒಳಗನ್ನು ಯಾರೋ ಗುಡಿಸಿ, ಸಾರಿಸಿ, ಕಿಟಕಿ ತೆರೆದಿಟ್ಟ ಹಾಗಿತ್ತು.

ಈರವ್ವ ಹಿತ್ತಲಿನಿಂದ ಬಂದಳು. ಅಕ್ಕನಿಗಿಂತ ಸಣ್ಣ ಮೈ, ಹಣ್ಣಾದ ಕೂದಲು, ಮಡಿಲ ತುಂಬ ಹಳದಿ ಶಾವಂತಿಗೆ. ಅಕ್ಕನನ್ನು ನೋಡಿ ಆನಂದದಿಂದ ಕೈ ಬಿಟ್ಟಳು. ಹೂವೆಲ್ಲ ನೆಲಕ್ಕೆ ಬಿದ್ದವು. ಮೂವರೂ ಅಲ್ಲಿಯೇ ಕುಳಿತು ಆರಿಸತೊಡಗಿದರು.

"ಇದೆಲ್ಲಾ ಯಾಕ ಹಿಂಗ ತೂಗ ಹಾಕೀರಿ ಚಿಗವ್ವಾರ?" ಎಂದು ಭಾಗ್ಯಶ್ರೀ ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು. ಬೇರೊಬ್ಬರ ಬಾಯಿಂದ ಕೇಳಬೇಕಾಗಿತ್ತು.

"ಮುಚ್ಚಿಟ್ಟದ್ದು ನನ್ನ ಪಾಲಿಗೆ ಇಲ್ಲ ಯವ್ವಾ. ಕಣ್ಣಿಗೆ ಬಿದ್ರ ಐತಿ. ಬೀಳಲಿಲ್ಲಂದ್ರ, ಅದು ಯಾವಾಗಿದ್ರೂ ಇರಲೇ ಇಲ್ಲ." ಈರವ್ವ ಹೂವೊಂದನ್ನು ಬೆಳಕಿಗೆ ಹಿಡಿದು ನೋಡಿದಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಮಾತಿಗೆ ತಿರುಗಿ ಬಂದಳು. "ಆದ್ರ ಹಗ್ಗ ಆಗಾಗ ಬದಲಿ ಮಾಡಬೇಕು. ಈ ಗ್ವಾಡಿಂದ ಆ ಗ್ವಾಡಿಗೆ. ಇಲ್ಲಾಂದ್ರ ಕಣ್ಣಿಗೆ ರೂಢಿ ಬಿದ್ದು ಹಗ್ಗಾನೂ ಗ್ವಾಡಿ ಆಗತೈತಿ."

ಶಾವಂತಿಗೆ ಆಕೆಯ ಬೆಳೆ. ಹೊತ್ತು ಮೂಡುವ ಮೊದಲು ಬಿಡಿಸಿ, ಧಾರವಾಡದ ಪೇಟೆಗೆ ಕಳಿಸುತ್ತಿದ್ದಳು. ಮೊದಲು ಹತ್ತಿ ಮಾಡಿ ನೋಡಿದ್ದಳಂತೆ, ಎಮ್ಮೆ ಸಾಕಿ ನೋಡಿದ್ದಳಂತೆ. "ಹೂವಿಗೆ ನಾಳಿ ಇಲ್ಲ. ನಾಳಿಗೆ ಇಡೂ ಕೆಲಸ ನನ್ನ ಕೈಲೆ ಆಗೂದಿಲ್ಲ. ಅದಕ್ಕ ನಾಳಿ ಇಲ್ಲದ ಕೆಲಸ ಹಿಡದೇನಿ," ಎಂದು ನಕ್ಕಳು. ಆಮೇಲೆ ಕೇಳಿದಳು: "ನಿನ್ನ ಮುಂದ ಒಂದ ಸಲಕ್ಕ ಎಷ್ಟು ಜಂಪರ ಇರ್ತಾವು?"

"ಚೀಲ ತುಂಬ ಇರ್ತಾವ್ರಿ."

"ಹಂಗಾರ ಒಂದೂ ಇಲ್ಲ ಅಂದಂಗ."

ಮನೆಗೆ ಬಂದ ಮರುದಿನ ಭಾಗ್ಯಶ್ರೀ ಹಗ್ಗ ಕಟ್ಟಿದಳು. ಆಕೆ ಒಂದು ಕೆಲಸವನ್ನು ಹಿಡಿದರೆ, ಹಿಡಿದ ಮೊದಲ ದಿನ ಅವಳಷ್ಟು ಹುರುಪು ಯಾರಿಗೂ ಇರುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಕಪಾಟುಗಳ ಬಾಗಿಲು ಕಳಚಿ ಹಿತ್ತಲಿಗೆ ಹೋಗಿದ್ದವು. ಡಬ್ಬಿಗಳ ಜಾಗದಲ್ಲಿ ಗಾಜಿನ ಬಾಟಲಿಗಳು ಬಂದಿದ್ದವು. ಹೊಲಿಗೆಯ ಕೋಣೆಯಲ್ಲಿ ಕತ್ತರಿ, ಪಟ್ಟಿ, ರೀಲುಗಳು, ಅರೆಬರೆ ಹೊಲಿದ ತೋಳುಗಳು ಗಾಳಿಯಲ್ಲಿ ತೇಲುತ್ತಿದ್ದವು. ಹೊಲಿಯಬೇಕಾದ ಬಟ್ಟೆಯ ಚೀಲವನ್ನು ಮಾತ್ರ ಶಿವಲಿಂಗವ್ವ ತನ್ನ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಿದ್ದಳು. "ಒಂದು ಕೊಡ್ತೇನಿ. ಹುಕ್ಕಿನ ಸಮೇತ ಮುಗಿಸಿ ನನ್ನ ಕೈಯಾಗ ಕೊಟ್ರ ಇನ್ನೊಂದು," ಎಂದಳು.

ಬಸವಪ್ರಭು ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ನಿಂತ. ಅವನ ಚೀಟಿಗಳೆಲ್ಲ ಹಿತ್ತಲಿನ ಕಪಾಟಿನ ಬಾಗಿಲುಗಳ ಮೇಲೆ ಮಳೆ ಹನಿಗೆ ನೆನೆಯುತ್ತಿದ್ದವು. "ಏನಿದು?" ಎಂದ.

ಭಾಗ್ಯಶ್ರೀ ಹೇಳಿದಳು. ಡಾಕ್ಟರಬಾಯಿ, ಆಕೆ ಹೇಳಿದ ಹೆಸರು, ಗುಳಿಗೆ. ಆಮೇಲೆ ದುರ್ಗದಬೈಲು. ಹೇಳುತ್ತ ಹೇಳುತ್ತ ಆ ದಾರದ ಬಣ್ಣದ ಕಡೆಗೆ ಮಾತು ಸರಿಯಿತು. ಈ ಸಲ ಅವಳು ತಾನೇ ಅದನ್ನು ತಡೆದು, ಅತ್ತೆಯ ಚಪ್ಪಲಿಯ ಖಾಲಿ ಜಾಗಕ್ಕೆ ತಂದು ನಿಲ್ಲಿಸಿದಳು.

ಬಸವಪ್ರಭು ಹೊಲಿಗೆಯ ಸ್ಟೂಲಿನ ಮೇಲೆ ಕುಳಿತ. ಅವನ ಮುಖದ ಮುಂದೆ ಒಂದು ನೀಲಿ ತೋಳು ತೂಗುತ್ತಿತ್ತು. "ನನಗ ಹೇಳಬಹುದಿತ್ತಲ್ಲವಾ," ಎಂದ ತಾಯಿಗೆ.

"ಹೇಳಿದ್ರ ನೀ ಏನ್ ಮಾಡ್ತಿದ್ದಿ? ನನ್ನ ಹಣಿ ಮ್ಯಾಲೂ ಒಂದು ಚೀಟಿ ಅಂಟಿಸ್ತಿದ್ದಿ," ಎಂದಳು ಶಿವಲಿಂಗವ್ವ.

ಮೊದಲು ನಕ್ಕವಳು ಭಾಗ್ಯಶ್ರೀ. ಆಮೇಲೆ ತಾನು ನಗಬಾರದಿತ್ತೇನೋ ಎಂದು ಗಂಡನ ಕಡೆ ನೋಡಿದಳು. ಆತ ನಗುತ್ತಿರಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಿದ್ದ. "ಇಷ್ಟು ವರ್ಷ ನೀ ನನ್ನ ಮಾತು ಕಿವಿಗೆ ಹಾಕ್ಕೊಳ್ಳೂದs ಇಲ್ಲ ಅನ್ಕೊಂಡಿದ್ನಿ," ಎಂದ. "ಬ್ಯಾಸರಾಗಿತ್ತು ನನಗ. ಹೇಳಿರಲಿಲ್ಲ."

"ಕೇಳ್ತಿದ್ನಿರಿ," ಎಂದಳು ಭಾಗ್ಯಶ್ರೀ. "ಉಳೀತಿರಲಿಲ್ಲ."

ಆ ರವಿವಾರ ಅವನು ಪೇಟೆಗೆ ಹೋಗಿ ಕಬ್ಬಿಣದ ಕೊಕ್ಕೆಗಳನ್ನು ತಂದ. ಸಡಿಲ ಹಗ್ಗಗಳನ್ನೆಲ್ಲ ಬಿಚ್ಚಿ ಎಳೆದು ಕಟ್ಟಿದ. ಕೊಕ್ಕೆಗಳ ನಡುವಿನ ಅಂತರ ಸ್ಕೇಲು ಹಿಡಿದು ಸಮ ಮಾಡುತ್ತಿದ್ದವನನ್ನು ಅತ್ತೆ ಸೊಸೆ ನೋಡಿಯೂ ನೋಡದಂತೆ ಇದ್ದರು. ಅವನಿಗೆ ಅಷ್ಟನ್ನಾದರೂ ಬಿಟ್ಟುಕೊಡಬೇಕು.

ಎಲ್ಲವೂ ಸರಿಹೋಯಿತು ಎಂದೇನೂ ಅಲ್ಲ. ಮೊದಲ ಗುಳಿಗೆಗೆ ಬಾಯಿ ಒಣಗಿ, ಊಟ ಸೇರದೆ, ನಿರುಪಮಾ ಅದನ್ನು ಬದಲಿಸಬೇಕಾಯಿತು. ಹೊಸದು ಹೊಂದಿದ ಮೇಲೆ ಕೆಲವು ದಿನ ಬೆಳಗ್ಗೆ ತಲೆಯೊಳಗಿನ ಮಂಜು ಸರಿದು, ಒಂದು ಹೊಲಿಗೆ ಮೊದಲಿನಿಂದ ಕೊನೆಯವರೆಗೆ ನೇರವಾಗಿ ಕಾಣುತ್ತಿತ್ತು. ಕೆಲವು ದಿನ ಕಾಣುತ್ತಿರಲಿಲ್ಲ. ಅಂಥ ದಿನ ಶಿವಲಿಂಗವ್ವ ಬಂದು ಮಶೀನಿನ ಪಕ್ಕ ಚಾಪೆಯ ಮೇಲೆ ಕುಳಿತು, ಸುಮ್ಮನೆ ಜೋಳ ಹಸನು ಮಾಡುತ್ತಿದ್ದಳು. ಮಾತಿಲ್ಲ, ನೋಟವಿಲ್ಲ. ಆದರೂ ಪಕ್ಕದಲ್ಲಿ ಒಂದು ಜೀವ ತನ್ನ ಕೆಲಸ ಮಾಡುತ್ತ ಕುಳಿತರೆ ಭಾಗ್ಯಶ್ರೀಯ ಮನಸ್ಸು ಅದಕ್ಕೆ ಕಟ್ಟಿದ ದೋಣಿಯಂತೆ ಅಲ್ಲಲ್ಲೇ ತೇಲುತ್ತಿತ್ತು, ದೂರ ಹೋಗುತ್ತಿರಲಿಲ್ಲ. ಬಟ್ಟೆ ತಂದವರು ಮೊದಲು ಹಗ್ಗಗಳನ್ನು ನೋಡಿ ಬಾಯಿ ಮುಚ್ಚಿ ನಗುತ್ತಿದ್ದರು. ಮುಂದಿನ ಮದುವೆಯ ಹಂಗಾಮಿನಲ್ಲಿ ಹೇಳಿದ ವಾರಕ್ಕೆ ಜಂಪರು ಕೈಗೆ ಬಂದಾಗ ನಗು ನಿಂತಿತು. ಹಾಗೆಂದು ಅವಳು ಹಾಲು ಉಕ್ಕಿಸುವುದನ್ನು ಬಿಡಲಿಲ್ಲ. ಉಕ್ಕಿದಾಗ ಒರೆಸುತ್ತಿದ್ದಳು. ಅದಕ್ಕಾಗಿ ಅಳುವುದನ್ನು ಮಾತ್ರ ಬಿಟ್ಟಿದ್ದಳು.

ಮಾರನೆಯ ವರ್ಷ ಶಾವಂತಿಗೆಯ ಕಾಲ ಮುಗಿದು ಈರವ್ವನಿಗೆ ಬಿಡುವಾದಾಗ, ಭಾಗ್ಯಶ್ರೀ ತಾನೊಬ್ಬಳೇ ಅಮ್ಮಿನಬಾವಿಗೆ ಹೋಗಿ ಆಕೆಯನ್ನು ನಿರುಪಮಾಳ ದವಾಖಾನೆಗೆ ಕರೆದುಕೊಂಡು ಬಂದಳು. "ಈಗ ನನಗೇನು ಔಷಧ?" ಎಂದಿದ್ದಳು ಈರವ್ವ. "ಔಷಧಕ್ಕಲ್ರಿ. ಸುಮ್ಮ ಬರ್ರಿ," ಎಂದಿದ್ದಳು ಭಾಗ್ಯಶ್ರೀ.

ನಿರುಪಮಾ ಈರವ್ವನ ಮಾತನ್ನೂ ಪೂರ್ತಿ ಕೇಳಿದಳು. ಕೊಕ್ಕರೆಯ ಮಾತು, ಎಮ್ಮೆಯ ಮಾತು, ಬಂಡಿಯ ಮಾತು. ಮಾತಿನ ನಡುವೆ ಈರವ್ವ ಎದ್ದು ಹೋಗಿ ಕಿಟಕಿಯಾಚೆಯ ಅಳಿಲನ್ನು ನೋಡಿ ಬಂದಳು. ಎಲ್ಲ ಕೇಳಿದ ಮೇಲೆ ಡಾಕ್ಟರು ಆಕೆಗೂ ಆ ಹೆಸರು ಹೇಳಿದಳು.

ಈರವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. "ಇದಕ್ಕ ಹೆಸರು ಐತೇನ್ರಿ?"

"ಅದರಿ."

"ನಾ ಸಣ್ಣಾಕಿ ಇದ್ದಾಗ ಇತ್ತೇನ್ರಿ ಈ ಹೆಸರು?"

"ಬ್ಯಾರೆ ಹೆಸರು ಇತ್ತು. ದೂರ ದೇಶದಾಗ, ಪುಸ್ತಕದಾಗ. ನಮ್ಮ ಕಡೆ ಬಂದಿರಲಿಲ್ಲ."

"ಇನ್ನೊಮ್ಮೆ ಹೇಳ್ರಿ."

ಡಾಕ್ಟರು ಹೇಳಿದಳು. ಈರವ್ವ ಕೈಬೆರಳು ಮಡಿಸುತ್ತ ಒಂದೊಂದೇ ಅಕ್ಷರ ಹೇಳಿಕೊಂಡಳು.

ಮರಳಿ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಈರವ್ವ, ಅವಳ ಪಕ್ಕ ಭಾಗ್ಯಶ್ರೀ. ಎರಡೂ ಬದಿಗೆ ಹಿಂಗಾರಿ ಜೋಳ ತೆನೆ ಬಿಟ್ಟು ನಿಂತಿತ್ತು. ಇಳಿಬಿಸಿಲಿನಲ್ಲಿ ಹೊಲಗಳ ಮೇಲೆ ಬೂದು ಬಂಗಾರದ ಧೂಳು ಎದ್ದಿತ್ತು. ಇಬ್ಬರ ಮನಸ್ಸೂ ಎಲ್ಲೆಲ್ಲೋ ಹೋಗಿ ಬರುತ್ತಿತ್ತು.

"ಆ ಮನ್ಯಾವರಿಗೆ ಹೇಳಬೇಕಿತ್ತು," ಎಂದಳು ಈರವ್ವ ಒಮ್ಮೆಲೇ. "ನಮ್ಮ ಅತ್ತ್ಯಾರಿಗೆ, ನನ್ನ ಗಂಡಗ. ಹಿಂಗ ಹಿಂಗ ಹೆಸರು ಐತಿ ಅಂತ. ಎಲ್ಲಾರೂ ತೀರಿ ಹ್ವಾದ್ರು."

ಭಾಗ್ಯಶ್ರೀ ಈರವ್ವನ ಮಡಿಲಲ್ಲಿದ್ದ ಒರಟು ಕೈಯ ಮೇಲೆ ತನ್ನ ಕೈ ಇಟ್ಟಳು.

"ಎ, ಡಿ," ಎಂದು ಈರವ್ವ ಮೆಲ್ಲಗೆ ಶುರುಮಾಡಿದಳು. ಮುಂದಿನದು ನೆನಪಿಗೆ ಬರಲಿಲ್ಲ. ಕೇಳಲೆಂದು ತಿರುಗಿದಳು. ಆದರೆ ಅಷ್ಟರಲ್ಲಿ ದೂರದ ಹೊಲದಿಂದ ಹಕ್ಕಿಗಳ ದೊಡ್ಡ ಹಿಂಡೊಂದು ಒಟ್ಟಿಗೆ ಎದ್ದು, ಆಕಾಶದಲ್ಲಿ ಬಟ್ಟೆ ಕೊಡವಿದ ಹಾಗೆ ಹೊರಳಿತು. ಈರವ್ವ ಕಿಟಕಿಯ ಸರಳಿಗೆ ಹಣೆ ಒತ್ತಿದಳು. ಭಾಗ್ಯಶ್ರೀಯೂ ಬಾಗಿದಳು. ಬಸ್ಸು ಅಮ್ಮಿನಬಾವಿಯಲ್ಲಿ ನಿಂತಿತು, ಮಂದಿ ಇಳಿದರು. ಇಬ್ಬರೂ ನೋಡುತ್ತಲೇ ಇದ್ದರು. "ಅಮ್ಮಿನಬಾವಿ ಬಂತು, ಇಳಕೊಳ್ರಿ ಯವ್ವಾ," ಎಂದು ಕಂಡಕ್ಟರು ಎರಡನೆಯ ಸಲ ಕೂಗಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತ ಎದ್ದರು.